ನೀರು ಕುಡಿಯುವ ಬ್ರೇಕ್ ಆಯಿಲ್

ಕಾರಿಗೆ ಬರುವ ದೋಷಗಳಲ್ಲಿ ಸದ್ದು ಮಾಡುವಂಥವು, ಸೋರುವಂಥವು, ಹೊಗೆಯುಗುಳುವಂಥವು ತಮ್ಮ ಇರವನ್ನು ತಾವೇ ಸಾರುವುದರಿಂದ ಅವುಗಳ ಚಿಕಿತ್ಸೆ ಅಷ್ಟೇನೂ ಕಷ್ಟವಲ್ಲ. ಆದರೆ ಘಟ್ಟದ ನಡುವೆ ತಲೆದೋರಿ, ಅರ್ಧ ಗಂಟೆ ಕಳೆಯುವುದರೊಳಗೆ ಕುರುಹನ್ನೂ ಉಳಿಸದೆ ಅಡಗಿ, ಕಾರನ್ನು ಮೆಕ್ಯಾನಿಕ್ಕಿನ ಮುಂದೆ ತಂದು ನಿಲ್ಲಿಸುವ ವೇಳೆಗೆ ನಮ್ಮ ಮಾತನ್ನೇ ಸುಳ್ಳಾಗಿಸುವ ದೋಷವೊಂದುಂಟು. ಮಳೆ ಹೆಚ್ಚಾಗಿ ಬೀಳುವ, ಇಳಿಜಾರಿನ ದಾರಿಗಳು ಹೆಚ್ಚಾಗಿರುವ ನಮ್ಮ ಸೀಮೆಯಲ್ಲಿ ಅದು ಬೇರೆಡೆಗಿಂತ ಬೇಗ ಪಕ್ವವಾಗುವ ಕಾರಣ, ಅದರ ಸ್ವರೂಪವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆಂದು ತೋರಿದೆ.

ಮಂಡಗದ್ದೆಯಿಂದ ಉಡುಪಿಗೆ ಹೊರಟ ನಾವು ತೀರ್ಥಹಳ್ಳಿಯನ್ನು ಹಾದು ಆಗುಂಬೆಯ ಘಟ್ಟವನ್ನು ಇಳಿಯುತ್ತೇವೆ. ಆ ಘಟ್ಟದ 14 ತಿರುವುಗಳನ್ನು ನಾನು ಎಷ್ಟು ಸಲ ಇಳಿದಿರುವೆನೋ ಲೆಕ್ಕವಿಲ್ಲ. ಒಂದು ಕಾರ್ತಿಕಮಾಸದಲ್ಲಿ, ಹಿಂದಿನ ಸೀಟಿನಲ್ಲಿ ವೃದ್ಧರಾದ ತಾಯಿಯವರನ್ನೂ ಅತ್ತಿಗೆಯವರನ್ನೂ ಕೂರಿಸಿಕೊಂಡು, ಮುಂದೆ ಹೋಗುತ್ತಿದ್ದ ಬಸ್ಸಿನ ಬೆನ್ನಿಗೆ ಬ್ರೇಕನ್ನು ಒತ್ತಿಹಿಡಿದೇ ಇಳಿಯುತ್ತಿದ್ದಾಗ, ಅರ್ಧಕ್ಕಿಂತ ಹೆಚ್ಚು ತಿರುವುಗಳು ಮುಗಿದ ಮೇಲೆ, ಕಾಲ ಕೆಳಗಿನ ಪೆಡಲು ನೆನೆದ ಹತ್ತಿಯ ಮೂಟೆಯಂತೆ ಮೆತ್ತಗಾಗಿ ಒಳಕ್ಕೆ ಜಾರತೊಡಗಿತು. ಎರಡು ಮೂರು ಬಾರಿ ಬೇಗಬೇಗನೆ ತುಳಿದಾಗ ಕೊಂಚ ಹಿಡಿಯಿತು. ಎರಡನೆಯ ಗೇರಿಗೂ ಅನಂತರ ಮೊದಲನೆಯದಕ್ಕೂ ಇಳಿಸಿ, ಹ್ಯಾಂಡ್ ಬ್ರೇಕನ್ನು ಮೆಲ್ಲಮೆಲ್ಲನೆ ಎಳೆಯುತ್ತ, ಗುಡ್ಡದ ಮಗ್ಗುಲಿಗೆ ಸ್ವಲ್ಪ ಅಗಲವಿದ್ದ ಜಾಗದಲ್ಲಿ ಹೇಗೋ ನಿಲ್ಲಿಸಿದೆ. ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ತಾಯಿಯವರು ಏನೆಂದು ಕೇಳಲಿಲ್ಲ. ನನ್ನ ಮುಖವನ್ನು ನೋಡಿ ಸುಮ್ಮನೆ ಕುಳಿತರು. ಅರ್ಧ ಗಂಟೆಯಾದ ಮೇಲೆ ಪೆಡಲನ್ನು ಮತ್ತೆ ತುಳಿದರೆ, ಏನೂ ಆಗಲೇ ಇಲ್ಲವೆಂಬಂತೆ ಅದು ಗಟ್ಟಿಯಾಗಿ ನಿಂತಿತ್ತು.

ಮರುವಾರ ಅಧಿಕೃತ ಸೇವಾಕೇಂದ್ರವೊಂದಕ್ಕೆ ಕಾರನ್ನು ಒಯ್ದೆ. ಹೆಚ್ಚಿನ ಹಣ ತೆತ್ತು ವಿಸ್ತರಿಸಿಕೊಂಡಿದ್ದ ವಾರಂಟಿ ಇನ್ನೂ ಮುಗಿದಿರಲಿಲ್ಲ. ಅವರು ಕಂಪ್ಯೂಟರು ಜೋಡಿಸಿ ನೋಡಿದರು. ದೋಷದ ಸಂಕೇತ ಯಾವುದೂ ಇರಲಿಲ್ಲ. ಪ್ಯಾಡುಗಳು ಅರ್ಧದಷ್ಟು ಉಳಿದಿದ್ದವು. ಬ್ರೇಕ್ ಆಯಿಲಿನ ಮಟ್ಟ ಸರಿಯಾಗಿತ್ತು. ಅಂಗಳದಲ್ಲಿ ಒಂದು ಸುತ್ತು ಓಡಿಸಿ, ಎಲ್ಲವೂ ಸರಿಯಿದೆಯೆಂದು ಬರೆದುಕೊಟ್ಟರು. ಬೇಕಿದ್ದರೆ ಪ್ಯಾಡು ಹಾಕಿಕೊಡುತ್ತೇವೆ, ಆದರೆ ಅದು ಸವೆಯುವ ಭಾಗವಾದ್ದರಿಂದ ವಾರಂಟಿಗೆ ಒಳಪಡದು ಎಂದರು. ಅವರು ಕಂಡದ್ದನ್ನೇ ಹೇಳಿದರು. ಕಾಣಬೇಕಾದುದನ್ನು ನೋಡುವ ಉಪಕರಣವನ್ನು ಮಾತ್ರ ಆ ದಿನ ಯಾರೂ ಕೈಗೆತ್ತಿಕೊಳ್ಳಲಿಲ್ಲ.

ನಾವು ಬ್ರೇಕನ್ನು ತುಳಿದಾಗ ಚಕ್ರಕ್ಕೆ ಆ ಒತ್ತಡವನ್ನು ಒಯ್ಯುವುದು ಸರಳೂ ಅಲ್ಲ, ತಂತಿಯೂ ಅಲ್ಲ. ಸಣ್ಣ ಕೊಳವೆಗಳಲ್ಲಿ ತುಂಬಿರುವ ದ್ರವ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲ ದಿಕ್ಕಿಗೂ ಕುಂದದೆ ಸಾಗುವುದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಕಂಡುಕೊಂಡ ತತ್ವವೇ ಇಂದಿಗೂ ನಮ್ಮ ಪಾದಕ್ಕೂ ಚಕ್ರಕ್ಕೂ ನಡುವಣ ಸೇತುವೆಯಾಗಿದೆ. ಈ ವ್ಯವಸ್ಥೆಯ ಬಲವೆಲ್ಲ ದ್ರವವು ಕುಗ್ಗುವುದಿಲ್ಲವೆಂಬ ಒಂದೇ ಒಂದು ಗುಣವನ್ನು ಅವಲಂಬಿಸಿದೆ. ಅನಿಲವಾದರೋ ಕುಗ್ಗುತ್ತದೆ. ಕೊಳವೆಯಲ್ಲಿ ಎಲ್ಲಿಯಾದರೂ ಒಂದಿಷ್ಟು ಆವಿ ಹುಟ್ಟಿತೆಂದರೆ, ನಾವು ತುಳಿದ ತುಳಿತವೆಲ್ಲ ಆ ಗುಳ್ಳೆಗಳನ್ನು ಹಿಸುಕುವುದರಲ್ಲೇ ವ್ಯಯವಾಗಿ, ಚಕ್ರವನ್ನು ಹಿಡಿಯಬೇಕಾದ ಪ್ಯಾಡುಗಳು ಕದಲುವುದೇ ಇಲ್ಲ. ಹ್ಯಾಂಡ್ ಬ್ರೇಕು ಬಹುಪಾಲು ಕಾರುಗಳಲ್ಲಿ ಉಕ್ಕಿನ ಕೇಬಲಿನಿಂದ ನಡೆಯುವುದರಿಂದಲೇ ಆ ದಿನ ಅದು ನನ್ನ ಕೈಬಿಡಲಿಲ್ಲ. ಪ್ಯಾಡುಗಳು ಅತಿಯಾಗಿ ಕಾದು ಹಿಡಿತ ಕಳೆದುಕೊಳ್ಳುವುದೂ ಉಂಟು. ಆದರೆ ಆಗ ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಪೆಡಲು ಮೆತ್ತಗಾಯಿತೆಂದರೆ ದೋಷವಿರುವುದು ದ್ರವದಲ್ಲಿ. ಈ ವ್ಯತ್ಯಾಸವನ್ನು ಪಾದವು ಕ್ಷಣಮಾತ್ರದಲ್ಲಿ ಗ್ರಹಿಸುತ್ತದೆ. ಗ್ಯಾರೇಜಿನಲ್ಲಿ ನಾವು ಹೇಳಬೇಕಾದ ಮುಖ್ಯ ಮಾತೂ ಅದೇ.

ಇನ್ನು ಆವಿಯನ್ನು ಹುಟ್ಟಿಸಿದ ಉಷ್ಣದ ವಿಚಾರ. ಮಂದಿ ಸಾಮಾನು ಸೇರಿ 1200 ಕಿಲೋ ತೂಗುವ ಕಾರೊಂದು 500 ಮೀಟರ್ ಎತ್ತರವನ್ನು ಇಳಿಯುತ್ತದೆಂದು ಇಟ್ಟುಕೊಳ್ಳೋಣ. ಎತ್ತರದಿಂದಾಗಿ ಅದರಲ್ಲಿ ಸಂಚಿತವಾಗಿದ್ದ ಶಕ್ತಿ ಸುಮಾರು 59 ಲಕ್ಷ ಜೂಲ್. ಅದು ಮಾಯವಾಗುವ ವಸ್ತುವಲ್ಲ. ವೇಗವಾಗಿ ಹೊರಬೀಳಬೇಕು, ಇಲ್ಲವೇ ಉಷ್ಣವಾಗಿ. ಗಾಳಿಯೂ ರಸ್ತೆಯೂ ಒಂದು ಪಾಲನ್ನು ಹೀರುತ್ತವೆ, ಎಂಜಿನ್ನಿಗೆ ಅವಕಾಶ ಕೊಟ್ಟರೆ ಅದೂ ದೊಡ್ಡ ಪಾಲನ್ನು ಹೊರುತ್ತದೆ. ಮಿಕ್ಕದ್ದೆಲ್ಲ ಬ್ರೇಕಿನ ಪಾಲು. ಆ ಶಕ್ತಿಯಷ್ಟೂ ನೀರಿಗೆ ಸೇರಿದ್ದರೆ, ಬಚ್ಚಲುಮನೆಯ ಹಂಡೆಗೆ ಹೊಯ್ದ 18 ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತಿತ್ತು. ನಮ್ಮ ಬಚ್ಚಲೊಲೆ ಆ ಕೆಲಸಕ್ಕೆ ಎಷ್ಟು ಸೌದೆಯನ್ನು ಬೇಡುವುದೆಂಬುದನ್ನು ಬಲ್ಲವರಿಗೆ, ಊಟದ ತಟ್ಟೆಗಿಂತ ದೊಡ್ಡದಲ್ಲದ ಕಬ್ಬಿಣದ ಬಿಲ್ಲೆಗಳ ಮೇಲೆ ಘಟ್ಟವಿಳಿಯುವಾಗ ಬೀಳುವ ಹೊರೆಯ ಅಂದಾಜು ಸಿಕ್ಕೀತು. ಬಿಡದೆ ಒತ್ತಿಹಿಡಿದರೆ ಡಿಸ್ಕು 300 ಡಿಗ್ರಿಯನ್ನು ಮೀರುವುದುಂಟು. ಆ ಕಾವು ಪ್ಯಾಡನ್ನು ಹಾದು, ಅದರ ಬೆನ್ನಿಗಿರುವ ಕ್ಯಾಲಿಪರಿನ ದ್ರವಕ್ಕೆ ಇಳಿಯುತ್ತದೆ.

ನಾವು ಆಯಿಲ್ ಎಂದು ಕರೆದರೂ ಈ ದ್ರವವು ಎಣ್ಣೆಯ ಜಾತಿಗೆ ಸೇರಿದ್ದಲ್ಲ. ಗ್ಲೈಕಾಲ್ ಎಂಬ ವರ್ಗದ ರಾಸಾಯನಿಕಗಳಿಂದ ಮಾಡಿದ್ದು. ನಿಜವಾದ ಎಂಜಿನ್ ಆಯಿಲನ್ನು ಅದರ ಡಬ್ಬಿಗೆ ತಪ್ಪಿ ಸುರಿದರೆ ಒಳಗಿನ ರಬ್ಬರು ಬಿರಡೆಗಳೆಲ್ಲ ಉಬ್ಬಿ ಕೆಡುತ್ತವೆ. ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಎಂಬ ಗುರುತನ್ನು ಓದುಗರು ನೋಡಿರಬಹುದು. ಒಣಗಿರುವ ಹೊಸ ಡಾಟ್ 3 ದ್ರವವು 205 ಡಿಗ್ರಿಗಿಂತ ಕೆಳಗೆ ಕುದಿಯಕೂಡದು, ಡಾಟ್ 4 ಆದರೆ 230 ಡಿಗ್ರಿಗಿಂತ ಕೆಳಗೆ ಎಂದು ನಿಯಮವಿದೆ. ಇದೇ ದ್ರವದಲ್ಲಿ ನೂರಕ್ಕೆ 3.7 ಪಾಲು ನೀರು ಬೆರೆತಾಗ ಎಷ್ಟರಲ್ಲಿ ಕುದಿಯಬಹುದೆಂಬುದಕ್ಕೆ ಇನ್ನೊಂದು ಮಿತಿಯುಂಟು: ಡಾಟ್ 3ಕ್ಕೆ 140, ಡಾಟ್ 4ಕ್ಕೆ 155. ನೂರು ಚಮಚಕ್ಕೆ ನಾಲ್ಕು ಚಮಚವೂ ಇಲ್ಲದ ನೀರು ಅದರ ಕುದಿಯುವ ಬಿಂದುವನ್ನು 65 ರಿಂದ 75 ಡಿಗ್ರಿಗಳಷ್ಟು ಕೆಳಗೆ ಇಳಿಸಿಬಿಡುತ್ತದೆ.

ಮುಚ್ಚಳ ಬಿಗಿದ ಡಬ್ಬಿಯೊಳಕ್ಕೆ ನೀರು ಬರುವ ದಾರಿ ಯಾವುದು? ಪ್ಯಾಡು ಸವೆದಂತೆ ಡಬ್ಬಿಯ ಮಟ್ಟ ಇಳಿಯಬೇಕಾದ್ದರಿಂದ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ದಾರಿಯಿದೆ. ಚಕ್ರಗಳ ಬಳಿಯಿರುವ ರಬ್ಬರು ಹೋಸುಗಳ ಮೂಲಕವೂ ತೇವವು ಅಣು ಅಣುವಾಗಿ ನುಸುಳುತ್ತದೆ. ದ್ರವವು ಅದನ್ನು ಬಯಸಿ ಹೀರುತ್ತದೆ. ಇದು ತಯಾರಕರ ಪ್ರಮಾದವಲ್ಲ. ಹೀರದ ದ್ರವವಾಗಿದ್ದರೆ, ಒಳಹೊಕ್ಕ ನೀರು ಹನಿಯಾಗಿಯೇ ಉಳಿದು, ಎಲ್ಲಕ್ಕಿಂತ ತಗ್ಗಿನಲ್ಲಿರುವ ಕ್ಯಾಲಿಪರಿನಲ್ಲಿ ಶೇಖರವಾಗಿ, ಅಲ್ಲಿಯ ಲೋಹವನ್ನು ತುಕ್ಕು ತಿನ್ನಿಸಿ, ಕಾವು ತಗುಲಿದೊಡನೆ 100 ಡಿಗ್ರಿಗೇ ಕುದಿಯುತ್ತಿತ್ತು. ತನ್ನಲ್ಲಿ ಕರಗಿಸಿಕೊಂಡು ಹಂಚಿಬಿಡುವುದರಿಂದ ದ್ರವವು ನಮ್ಮನ್ನು ಕೆಲಕಾಲ ಕಾಯುತ್ತದೆ; ಆ ಕಾಪಾಡುವಿಕೆಯಲ್ಲಿ ತಾನೇ ದಿನೇ ದಿನೇ ಕ್ಷಯಿಸುತ್ತದೆ.

ಮಂಡಗದ್ದೆಯಲ್ಲಿ ರಸ್ತೆಯ ಪಕ್ಕದಲ್ಲಿ ನಿಂತು ತುಂಗೆಯ ನಡುಗಡ್ಡೆಯನ್ನು ಮಳೆಗಾಲದಲ್ಲಿ ನೋಡಿದವರಿಗೆ, ಬೆಳ್ಳಕ್ಕಿಗಳ ನಡುವೆ ರೆಕ್ಕೆಗಳನ್ನು ಅಗಲವಾಗಿ ಚಾಚಿ ಅಲ್ಲಾಡದೆ ಕುಳಿತಿರುವ ನೀರುಕಾಗೆಗಳು ಕಂಡೇ ಇರುತ್ತವೆ. ಅವುಗಳ ಗರಿ ಬಾತಿನ ಗರಿಯಂತೆ ನೀರನ್ನು ಪೂರ್ತಿಯಾಗಿ ತಳ್ಳುವುದಿಲ್ಲ. ನೆನೆದ ಗರಿಯಿಂದ ಆಳಕ್ಕೆ ಮುಳುಗುವುದು ಸುಲಭ, ಮೇಲೆ ಬಂದ ಮೇಲೆ ಒಣಗಿಸಿಕೊಳ್ಳುವುದು ಅನಿವಾರ್ಯ. ಹಕ್ಕಿಗೆ ಬಿಸಿಲು ಬಂದಾಗ ರೆಕ್ಕೆ ಬಿಡಿಸುವ ಉಪಾಯವಿದೆ. ಬ್ರೇಕಿನ ದ್ರವಕ್ಕೆ ಅಂಥ ಯಾವ ಉಪಾಯವೂ ಇಲ್ಲ. ಜೂನಿನಿಂದ ಗೋಡೆಗಳೂ ಬೆವರುವ, ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುವ ನಮ್ಮೂರಿನಲ್ಲಿ ಅದು ಕುಡಿದದ್ದು ಅದರೊಳಗೇ ಉಳಿಯುತ್ತದೆ. ಕಾರು ಕೊಟ್ಟಿಗೆಯಲ್ಲಿ ನಿಂತಿದ್ದರೂ ಕುಡಿಯುತ್ತದೆ. ವರ್ಷಕ್ಕೆ 4000 ಕಿಲೋಮೀಟರ್ ಮಾತ್ರ ಓಡಿಸುವ ನಿವೃತ್ತರ ಕಾರು, ದಿನವೂ ಶಿವಮೊಗ್ಗಕ್ಕೆ ಹೋಗಿಬರುವ ಕಾರಿಗಿಂತ ಈ ವಿಷಯದಲ್ಲಿ ಹೆಚ್ಚು ಸುರಕ್ಷಿತವೆಂದು ಯಾರೂ ಭಾವಿಸಬಾರದು.

ಕಡೆಗೆ ನನ್ನ ಕಾರಿನ ರೋಗವನ್ನು ಗುರುತಿಸಿದವರು ನಮ್ಮ ರಸ್ತೆಯ ಬದಿಯಲ್ಲಿ ತಗಡಿನ ಮಾಡಿನ ಕೆಳಗೆ ಕೆಲಸಮಾಡುವ ವಯಸ್ಸಾದ ಮೇಸ್ತ್ರಿಯೊಬ್ಬರು. ನಾನು ಕಥೆಯನ್ನು ಮುಗಿಸುವ ಮೊದಲೇ, "ಆಯಿಲ್ ಬದ್ಲ್ಸಿ ಎಷ್ಟು ವರ್ಷ ಆತು ರಾಯ್ರೇ?" ಎಂದು ಕೇಳಿದರು. ಪ್ರತಿ ಸರ್ವೀಸಿನಲ್ಲಿಯೂ ಹಾಕುತ್ತಾರಲ್ಲ ಎಂದೆ. "ಹಾಕದು ಬೇರೆ, ಬದ್ಲ್ಸದು ಬೇರೆ ಮಾರಾಯ್ರೇ" ಎಂದು ಹೇಳಿ, ಪೆನ್ನಿನಂಥ ಒಂದು ಉಪಕರಣದ ಮೊನೆಯನ್ನು ಡಬ್ಬಿಯಲ್ಲಿ ಅದ್ದಿದರು. ಕೆಂಪು ದೀಪ ಹತ್ತಿತು. ಅವರ ಮಾತಿನಲ್ಲಿ ಇಡೀ ವಿಷಯದ ಸಾರವಿತ್ತು. ಕಾರಿನ ಎದುರು ಫಲಕದ ದೀಪಕ್ಕೆ ದ್ರವದ ಮಟ್ಟ ಗೊತ್ತಾಗುತ್ತದೆ, ಗುಣ ಗೊತ್ತಾಗುವುದಿಲ್ಲ. ನಾಲ್ಕು ವರ್ಷ ಬಿಲ್ಲಿನಲ್ಲಿ ಟಾಪ್ ಅಪ್ ಎಂದು ಬರೆದಿದ್ದ ಅಷ್ಟೂ ಸಲ ಹಳೆಯ ದ್ರವದ ಮೇಲೆಯೇ ಒಂದಿಷ್ಟು ಹೊಸದನ್ನು ಸುರಿದಿದ್ದರು.

ಅನಂತರ ನಡೆದ ಕೆಲಸವನ್ನು ನಾನು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದೆ. ಹುಡುಗನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಮೇಸ್ತ್ರಿಯವರು ಎಡಗಡೆಯ ಹಿಂದಿನ ಚಕ್ರದ ಬಳಿ ಮಲಗಿ, ಅಲ್ಲಿಯ ನಿಪ್ಪಲಿಗೆ ಪಾರದರ್ಶಕವಾದ ಸಣ್ಣ ಪೈಪನ್ನು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಯಲ್ಲಿ ಮುಳುಗಿಸಿದರು. "ಒತ್ತು... ಒತ್ತು... ಹಿಡ್ಕ" ಎಂದೊಡನೆ ಹುಡುಗ ಪೆಡಲನ್ನು ಅದುಮಿ ಹಿಡಿಯುವನು, ಇವರು ಸ್ಪ್ಯಾನರಿನಿಂದ ನಿಪ್ಪಲನ್ನು ಕಾಲು ಸುತ್ತು ಸಡಿಲಿಸುವರು, ಬೆಲ್ಲದ ಪಾಕದ ಬಣ್ಣದ ದ್ರವ ಪೈಪಿನಲ್ಲಿ ಚಿಮ್ಮುವುದು, ನಿಪ್ಪಲನ್ನು ಬಿಗಿದ ಮೇಲೆಯೇ "ಬಿಡು" ಎನ್ನುವರು. ಬಿಗಿಯುವ ಮೊದಲು ಹುಡುಗ ಕಾಲು ತೆಗೆದರೆ ಗಾಳಿ ಹಿಂದಕ್ಕೆ ಸೇರಿ ಅದುವರೆಗಿನ ಶ್ರಮವೆಲ್ಲ ವ್ಯರ್ಥ. ಮುಂದಿನ ಚಕ್ರದ ಸರದಿ ಬಂದಾಗ ಪೈಪಿನಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಹೋದವು. ಅನಂತರ ದ್ರವವು ತಿಳಿಯಾಗುತ್ತ ಬಂದು, ಕೊನೆಗೆ ಹೊಸ ಡಬ್ಬಿಯಲ್ಲಿದ್ದ ತಿಳಿಹಳದಿ ಬಣ್ಣವೇ ಕೆಳಗೂ ಕಾಣಿಸಿತು. ಬಾಗಿಲ ಮೇಲೆ ಸಿಡಿದಿದ್ದ ಒಂದು ಹನಿಯನ್ನು ಅವರು ಕೂಡಲೆ ನೀರು ಹೊಯ್ದು ತೊಳೆದರು, ಏಕೆಂದರೆ ಈ ದ್ರವವು ಬಣ್ಣವನ್ನು ಕಿತ್ತುಹಾಕುತ್ತದೆ.

ಸೇವಾಕೇಂದ್ರದ ಮೇಲೆ ನನಗೆ ಅಂದು ಕೋಪ ಬಂದಿತ್ತು. ಮನೆಗೆ ಬಂದು ಕಾರಿನ ಕೈಪಿಡಿಯನ್ನು ಮೊದಲ ಬಾರಿಗೆ ಓದಿದಾಗ ಆ ಕೋಪದಲ್ಲಿ ಅರ್ಧ ನನ್ನ ಕಡೆಗೇ ತಿರುಗಿತು. ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಿಸತಕ್ಕದ್ದೆಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ. ವಾರಂಟಿಯೆಂಬುದು ಕಾರ್ಖಾನೆಯಲ್ಲಿ ಹುಟ್ಟಿದ ದೋಷಕ್ಕೆ ಕೊಡುವ ವಚನ. ಸವೆಯುವ ಭಾಗಗಳಿಗೂ, ಕಾಲಕಾಲಕ್ಕೆ ಬದಲಿಸಬೇಕಾದ ದ್ರವಗಳಿಗೂ ಅದು ಅನ್ವಯಿಸದು. ಆದರೆ ಉಳಿದ ಅರ್ಧ ಕೋಪವನ್ನು ನಾನು ಇಂದಿಗೂ ಬಿಟ್ಟಿಲ್ಲ. ಒಣಹವೆಯ ಬಯಲಿಗೂ, ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಲಿನ ನಾಡಿಗೂ ಒಂದೇ ಅವಧಿಯನ್ನು ಬರೆದು ಸುಮ್ಮನಿರುವುದು ನ್ಯಾಯವಲ್ಲ. ಮಲೆನಾಡಿನ ಪ್ರತಿಯೊಂದು ಸರ್ವೀಸಿನಲ್ಲಿಯೂ ದ್ರವದ ನೀರಿನ ಅಂಶವನ್ನು ಅಳೆದು, ಅದರ ಅಂಕಿಯನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಡುವುದು ಎರಡು ನಿಮಿಷದ ಕೆಲಸ. ಮಾಲಿಕರು ಅದನ್ನು ಕೇಳಿ ಪಡೆಯಬೇಕು.

ಬ್ರೇಕಿನ ಮೇಲಿನ ಹೊರೆಯನ್ನು ಇಳಿಸುವುದು ಮಾತ್ರ ಯಾವ ಕೇಂದ್ರದ ಹಂಗೂ ಇಲ್ಲದೆ ನಮ್ಮ ಕೈಯಲ್ಲೇ ಇದೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ನಿಯಮವನ್ನು ಅಂಬಾಸಡರ್ ಓಡಿಸುತ್ತಿದ್ದ ಹಳೆಯ ಚಾಲಕರು ಬಲ್ಲರು. ಪೆಟ್ರೋಲು ಉಳಿಸಲೆಂದು ನ್ಯೂಟ್ರಲಿಗೆ ಹಾಕಿ ಇಳಿಯುವ ಅಪಾಯದ ಅಭ್ಯಾಸವೂ ಅವರಲ್ಲಿ ಕೆಲವರಿಂದಲೇ ಬಂದದ್ದು. ಕಾರ್ಬುರೇಟರಿನ ಕಾಲದಲ್ಲಿ ಅದರಿಂದ ಅಷ್ಟಿಷ್ಟು ಉಳಿತಾಯವಾದರೂ ಆಗುತ್ತಿತ್ತು. ಇಂದಿನ ಇಂಜೆಕ್ಷನ್ ಎಂಜಿನ್ನಿನಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರು ಇಂಧನವನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲಿನಲ್ಲಿಯಾದರೆ ಎಂಜಿನ್ನು ಆರದಿರಲೆಂದು ಇಂಧನ ಕೊಡುತ್ತಲೇ ಇರಬೇಕಾಗುತ್ತದೆ. ಎಂಜಿನ್ನನ್ನೇ ಆರಿಸಿದರಂತೂ ಬ್ರೇಕಿಗೆ ನೆರವಾಗುವ ನಿರ್ವಾತದ ಬೂಸ್ಟರು ಎರಡು ಮೂರು ತುಳಿತಗಳಲ್ಲಿ ಬರಿದಾಗುತ್ತದೆ. ಆಟೋಮ್ಯಾಟಿಕ್ ಗೇರಿನ ಹೊಸ ಕಾರುಗಳನ್ನು ಕೊಂಡವರು ಘಟ್ಟದ ತಲೆಯಲ್ಲಿ 'ಡಿ'ಯಿಂದ 'ಎಲ್'ಗೋ ಕೈಗೇರಿಗೋ ಬದಲಿಸಬೇಕೆಂಬುದನ್ನು ಶೋರೂಮಿನಲ್ಲಿ ಕೇಳಿ ತಿಳಿಯುವುದು ಒಳ್ಳೆಯದು. ವಿದ್ಯುತ್ ಕಾರುಗಳಲ್ಲಿ ಮೋಟಾರೇ ಇಳಿತದಲ್ಲಿ ಜನರೇಟರಾಗಿ, ಹಂಡೆ ಕಾಯಿಸಬಹುದಾಗಿದ್ದ ಆ ಶಕ್ತಿಯ ಬಹುಭಾಗವನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಈ ಕಾರುಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಗುಣ ಇದೇ. ಆದರೆ ಬ್ಯಾಟರಿ ತುಂಬಿದ್ದರೆ ಅದು ಇನ್ನಷ್ಟನ್ನು ಕೊಳ್ಳಲಾರದು; ಆಗ ಭಾರವಾದ ಆ ಕಾರನ್ನು ತಡೆಯಬೇಕಾದುದು ಮತ್ತೆ ಅದೇ ಡಿಸ್ಕು, ಅದೇ ದ್ರವ.

ಕೆಲಸ ಮುಗಿದ ಮೇಲೆ ಮೇಸ್ತ್ರಿಯವರು ಬ್ಯಾಂಡೇಜಿನ ಬಿಳಿಯ ಪ್ಲಾಸ್ಟರನ್ನು ಎರಡು ಬೆರಳಗಲ ಹರಿದು, ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿ, ಪೆನ್ನನ್ನು ನನ್ನ ಕೈಗೇ ಕೊಟ್ಟು ಆ ದಿನದ ತಾರೀಖನ್ನು ಬರೆಸಿದರು. ಅದರ ಕೆಳಗೆ ಮುಂದಿನ ತಾರೀಖನ್ನು ಎರಡು ವರ್ಷಕ್ಕೆ ಲೆಕ್ಕಹಾಕಿ ಬರೆಯಹೊರಟಾಗ, ಅವರು ಕೈ ಅಡ್ಡ ಹಿಡಿದು, "ನಮ್ಮಲ್ಲಿಗೆ ಒಂದೂವರೆ ಬರೀರಿ, ಮಳೆಗಾಲ ಕಳ್ದ ಮೇಲೆ ಬರೋ ಹಂಗೆ" ಎಂದರು. ಹಾಗೆಯೇ ಬರೆದೆ.