ಕುಲ ನೋಡಬೇಕೆ, ಕಾಲು ನೋಡಬೇಕೆ?

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದರ ಅಜ್ಜಿ ಯಾರೆಂದು ಸಾಮಾನ್ಯವಾಗಿ ಕೇಳುವುದಿಲ್ಲ. ಆದರೆ ರೇಸ್ ಕುದುರೆಗಳ ಹರಾಜಿನಲ್ಲಿ ಅಜ್ಜಿ, ಮುತ್ತಜ್ಜಿಯರ ವಿಚಾರಣೆಯೇ ಮೊದಲು.

ಇದಕ್ಕೆ ಕಾರಣವಿದೆ. ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್, ವರ್ಷ ತುಂಬಿದ ಮರಿಗಳ ಹರಾಜಿಗೆ ಹೆಸರಾದ ಊರು. ಆ ಮರಿಗಳು ಒಂದು ಪಂದ್ಯದಲ್ಲೂ ಓಡಿರುವುದಿಲ್ಲ. ಹಾಗಾಗಿ ಕೊಳ್ಳುವವನಿಗೆ ಆಧಾರ ಎರಡೇ: ಕೈಯಲ್ಲಿ ಹರಾಜು ಪುಸ್ತಕದ ಒಂದು ಪುಟ, ಕಣ್ಣೆದುರಿಗೆ ಒಂದು ಮರಿ.

ಪುಟದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿ ಮತ್ತು ಅವರ ಸಂತಾನದ ವಿವರವಿರುತ್ತದೆ. ದೊಡ್ಡ ಪಂದ್ಯ ಗೆದ್ದವರ ಹೆಸರು ದಪ್ಪಕ್ಷರದಲ್ಲಿ. ಬೇಡಿಕೆಯ ಗಂಡು ಕುದುರೆಗೆ ವರ್ಷಕ್ಕೆ ನೂರಕ್ಕೂ ಹೆಚ್ಚು ಮರಿಗಳಾಗಬಹುದು. ಆದರೆ ತಾಯಿ ಹನ್ನೊಂದು ತಿಂಗಳು ಹೊತ್ತು ಹೆರುವುದು ಸಾಮಾನ್ಯವಾಗಿ ಒಂದೇ ಮರಿ. ಆದ್ದರಿಂದ ರೇಸ್ ಲೋಕದಲ್ಲಿ ಅಣ್ಣತಮ್ಮಂದಿರೆಂದರೆ ಒಂದೇ ತಾಯಿಯ ಮಕ್ಕಳು ಮಾತ್ರ.

ಪುಟ ಹೇಳುವುದು ಮನೆತನದ ಮಾತು. ಮೈ ಹೇಳುವುದು ಆ ಮರಿಯದೇ ಮಾತು. ಕುದುರೆಯ ಭಾರದ ಸುಮಾರು ಶೇಕಡಾ 60ರಷ್ಟನ್ನು ಮುಂಗಾಲುಗಳೇ ಹೊರುತ್ತವೆ. ಹೀಗಾಗಿ ಗೊರಸು, ಮಂಡಿ, ನಡಿಗೆಗಳ ಪರೀಕ್ಷೆ ಕಟ್ಟುನಿಟ್ಟು. ಪಶುವೈದ್ಯರು ಕೀಲುಗಳ ಎಕ್ಸ್-ರೇ ನೋಡುತ್ತಾರೆ, ಎಂಡೋಸ್ಕೋಪ್ ಇಳಿಸಿ ಉಸಿರಿನ ದಾರಿ ಪರೀಕ್ಷಿಸುತ್ತಾರೆ.

ಇವೆರಡರಲ್ಲಿ ಯಾವುದನ್ನು ನಂಬಬೇಕು? ಮೈ ಚಾರ್ಮರ್ ಎಂಬ ತಾಯಿಯ ಇಬ್ಬರು ಮಕ್ಕಳ ಕಥೆ ಕೇಳಿ. ಚೊಚ್ಚಲ ಮರಿ ಸಿಯಾಟಲ್ ಸ್ಲೂ 1975ರಲ್ಲಿ ಹರಾಜಿಗೆ ಬಂದಾಗ, ಹೇಳಿಕೊಳ್ಳಲು ಅಣ್ಣಂದಿರಿರಲಿಲ್ಲ. ಒಂದು ಮುಂಗಾಲು ಹೊರಕ್ಕೆ ತಿರುಗಿತ್ತು. 17,500 ಡಾಲರಿಗೆ ಹೋದ ಆ ಮರಿ 1977ರಲ್ಲಿ ಕೆಂಟಕಿ ಡರ್ಬಿ, ಪ್ರೀಕ್ನೆಸ್, ಬೆಲ್ಮಾಂಟ್ ಮೂರನ್ನೂ ಗೆದ್ದಿತು, ಅದೂ ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಸೋಲದೆ! ಅದರ ತಮ್ಮ ಸಿಯಾಟಲ್ ಡ್ಯಾನ್ಸರ್ 1985ರಲ್ಲಿ ಕೀನ್‌ಲ್ಯಾಂಡ್ ಹರಾಜಿಗೆ ಬರುವಷ್ಟರಲ್ಲಿ ತಾಯಿಯ ಪುಟ ತುಂಬಿ ತುಳುಕುತ್ತಿತ್ತು. ಬೆಲೆ 1 ಕೋಟಿ 31 ಲಕ್ಷ ಡಾಲರ್. ಗೆದ್ದದ್ದು ಎರಡೇ ಪಂದ್ಯ.

ಒಂದೇ ತಾಯಿಯ ಮಕ್ಕಳಾದರೂ ಪ್ರತಿಯೊಂದರ ಪಾಲಿಗೆ ಬರುವ ವಂಶವಾಹಿಗಳ ಹಂಚಿಕೆ ಬೇರೆ. ಮನೆತನ ಸಾಧ್ಯತೆಯನ್ನು ತಿಳಿಸುತ್ತದೆ, ಖಾತ್ರಿ ಕೊಡುವುದಿಲ್ಲ. ಆದರೂ ಸಿರಿವಂತರು ಪುಟಕ್ಕೆ ಹಣ ಸುರಿಯುವುದು ದಡ್ಡತನದಿಂದಲ್ಲ. ಓಟದಲ್ಲಿ ಸೋತರೂ ಒಳ್ಳೆಯ ಕುಲದ ಕುದುರೆಗೆ ಸಂತಾನಕ್ಕಾಗಿ ಬೇಡಿಕೆ ಇರುತ್ತದೆ. ಆ ಲೆಕ್ಕವೂ ತಪ್ಪುವುದುಂಟು. 1983ರಲ್ಲಿ 1 ಕೋಟಿ 2 ಲಕ್ಷ ಡಾಲರಿಗೆ ಮಾರಾಟವಾದ ಸ್ನಾಫಿ ಡ್ಯಾನ್ಸರ್ ಒಂದು ಪಂದ್ಯದಲ್ಲೂ ಓಡಲಿಲ್ಲ. ಸಂತಾನಶಕ್ತಿಯೂ ತೀರಾ ಕಡಿಮೆಯಿತ್ತು.

ಹಾಗೆಂದು ಕಣ್ಣನ್ನೇ ನಂಬುವಂತೆಯೂ ಇಲ್ಲ. ಜಾನ್ ಹೆನ್ರಿ ಎಂಬ ಮರಿಯ ಮಂಡಿ ಹಿಂದಕ್ಕೆ ಬಾಗಿತ್ತು, ಕುಲವೂ ಸಾಧಾರಣ. 1976ರಲ್ಲಿ 1,100 ಡಾಲರಿಗೆ ಹೋದ ಅದು 83 ಪಂದ್ಯಗಳಲ್ಲಿ 39 ಗೆದ್ದು 65 ಲಕ್ಷ ಡಾಲರಿಗೂ ಹೆಚ್ಚು ಸಂಪಾದಿಸಿತು. ಇನ್ನೊಂದೆಡೆ, 2006ರಲ್ಲಿ 9.8 ಸೆಕೆಂಡುಗಳಲ್ಲಿ ಒಂದು ಫರ್ಲಾಂಗ್ ಓಡಿ ತೋರಿಸಿ 1 ಕೋಟಿ 60 ಲಕ್ಷ ಡಾಲರ್ ಗಿಟ್ಟಿಸಿದ ಎರಡು ವರ್ಷದ ಗ್ರೀನ್ ಮಂಕಿ, ಓಡಿದ ಮೂರು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ.

ಕುಲ, ಮೈಕಟ್ಟು ಎರಡೂ ಸರಿಯಿರುವ ಮರಿಯನ್ನು ಯಾರು ಬೇಕಾದರೂ ಗುರುತಿಸಬಲ್ಲರು. ಆ ಗುಣವೆಲ್ಲ ಆಗಲೇ ಬೆಲೆಗೆ ಸೇರಿಹೋಗಿರುತ್ತದೆ. ಕೈಯಲ್ಲಿ ಅಷ್ಟು ಹಣವಿಲ್ಲದವನು ಏನನ್ನಾದರೂ ಬಿಟ್ಟುಕೊಡಲೇಬೇಕು. ಯಾವ ಕೊರತೆ ಕಾಲನ್ನು ಮುರಿಯುತ್ತದೆ, ಯಾವುದು ನೋಡುವವನ ಕಣ್ಣನ್ನಷ್ಟೇ ಚುಚ್ಚುತ್ತದೆ ಎಂದು ತಿಳಿಯುವುದರಲ್ಲೇ ಅವನ ಜಾಣತನವಿದೆ. ಸಿಯಾಟಲ್ ಸ್ಲೂ ಕೊಂಡವರಲ್ಲಿ ಒಬ್ಬ ಪಶುವೈದ್ಯನಿದ್ದ. ಆ ಸೊಟ್ಟ ಕಾಲನ್ನು ನೋಡಿಯೂ ಅವರು ಬೆಲೆ ಕೂಗಿದ್ದರು.