ಮಡಿಚಿದರೆ ಸ್ಲೇಟು, ಬಿಚ್ಚಿದರೆ ಲ್ಯಾಪ್‌ಟಾಪ್: ಕೊಬ್ಬರಿ ಮಂಡಿಗೆ ಸ್ಪರ್ಶಪರದೆಯ ಗಣಕ ತಕ್ಕುದೇ?

ತಿಪಟೂರಿನ ಮಾರುಕಟ್ಟೆ ಪ್ರಾಂಗಣದ ಯಾವುದೇ ದಲ್ಲಾಳಿ ಮಂಡಿಯ ಮೇಜನ್ನು ಗಮನಿಸಿದರೂ ಸಾಕು, ಕೊಬ್ಬರಿ ವ್ಯಾಪಾರವು ಕಳೆದ ಎರಡು ದಶಕಗಳಲ್ಲಿ ಎಷ್ಟು ಬದಲಾಗಿದೆ ಎಂಬುದು ತಿಳಿಯುತ್ತದೆ. ಖಾತೆ ಪುಸ್ತಕವೂ ಕಾರ್ಬನ್ ಹಾಳೆಯ ಬಿಲ್ಲು ಪುಸ್ತಕವೂ ಇನ್ನೂ ಅಲ್ಲಿಯೇ ಇವೆ. ಆದರೆ ಅವುಗಳ ಪಕ್ಕದಲ್ಲಿ ಗಣಕಯಂತ್ರವೂ ಖಾಯಂ ಸ್ಥಾನ ಪಡೆದಿದೆ. 2014ರಲ್ಲಿ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾದ ಬಳಿಕ ನಿಯಂತ್ರಿತ ಮಾರುಕಟ್ಟೆಗಳ ಟೆಂಡರುಗಳು ಗಣಕದ ಪರದೆಗೆ ಬಂದವು. 2017ರ ಜುಲೈ 1ರಿಂದ ಜಿ.ಎಸ್.ಟಿ., 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ಲು ಜಾರಿಗೆ ಬಂದವು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಯಿತು.

ಧಾರಣೆಯ ಏರಿಳಿತವೂ ಈ ಕೆಲಸವನ್ನು ಹೆಚ್ಚಿಸಿದೆ. 2023ರಲ್ಲಿ ಉಂಡೆ ಕೊಬ್ಬರಿಯು ಬೆಂಬಲ ಬೆಲೆಗಿಂತ ಬಹಳ ಕೆಳಗೆ, ಕ್ವಿಂಟಲಿಗೆ 8 ಸಾವಿರ ರೂಪಾಯಿಯ ಆಸುಪಾಸಿಗೆ ಕುಸಿದಿತ್ತು. 2025ರಲ್ಲಿ 20 ಸಾವಿರವನ್ನೂ ದಾಟಿತು. ಇ-ವೇ ಬಿಲ್ಲಿನ ಮಿತಿ 50 ಸಾವಿರ ರೂಪಾಯಿ. 8 ಸಾವಿರದ ಧಾರಣೆಯಲ್ಲಿ ತೆರಿಗೆ ಸೇರಿಸಿದರೂ 5 ಕ್ವಿಂಟಲ್ ಸರಕು ಆ ಮಿತಿಯೊಳಗಿತ್ತು. 20 ಸಾವಿರದ ಧಾರಣೆಯಲ್ಲಿ ಎರಡೂವರೆ ಕ್ವಿಂಟಲಿಗೇ ಮಿತಿ ದಾಟುತ್ತದೆ. ಹಿಂದೆ ಚೀಟಿಯಲ್ಲಿ ಹೋಗುತ್ತಿದ್ದ ಸಣ್ಣ ರವಾನೆಗೂ ಈಗ ಪರದೆಯ ಮುಂದೆ ಕೂರಬೇಕಾಗಿದೆ.

ಹೀಗಿರುವಾಗ ಹಳೆಯ ಗಣಕವನ್ನು ಬದಲಿಸ ಹೊರಟ ವರ್ತಕರಿಗೆ ಅಂಗಡಿಯವರು ಮೊದಲು ತೋರಿಸುವುದು ಟು-ಇನ್-ಒನ್ ಎಂಬ ಕನ್ವರ್ಟಿಬಲ್ ಲ್ಯಾಪ್‌ಟಾಪನ್ನು. ಪರದೆಯನ್ನು ಬೆರಳಿನಿಂದ ಮುಟ್ಟಿ ನಡೆಸಬಹುದು. ಪೂರ್ತಿ ಹಿಂದಕ್ಕೆ ಮಡಿಚಿದರೆ ಸ್ಲೇಟಿನಂತೆ ಕೈಯಲ್ಲಿ ಹಿಡಿಯಬಹುದು. ಗುಡಾರದಂತೆ ಮೇಜಿನ ಮೇಲೆ ನಿಲ್ಲಿಸಲೂಬಹುದು. ಸಮಾನ ಸಾಮರ್ಥ್ಯದ ಸಾಧಾರಣ ಲ್ಯಾಪ್‌ಟಾಪಿಗಿಂತ ಇದರ ಬೆಲೆ ಹೆಚ್ಚು. ಆ ಹೆಚ್ಚುವರಿ ಹಣಕ್ಕೆ ತಕ್ಕ ಪ್ರಯೋಜನ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ವ್ಯಾಪಾರದಲ್ಲಿ ದೊರೆಯುತ್ತದೆಯೇ ಎಂಬುದು ವಿಚಾರ ಮಾಡತಕ್ಕ ವಿಷಯ.

ಹೊಸದಲ್ಲದ ಆಲೋಚನೆ

ಮುಟ್ಟಿ ನಡೆಸುವ ಗಣಕವು ಕರ್ನಾಟಕಕ್ಕೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹಾಗೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿಯೇ ಪ್ರದರ್ಶನ ಕಂಡಿತ್ತು. ಅಕ್ಷರ ಬಾರದವರೂ ಗಣಕವನ್ನು ಬಳಸುವಂತಾಗಬೇಕೆಂಬುದು ಅದರ ಉದ್ದೇಶವಾಗಿತ್ತು. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಿತಾದರೂ ಜನಬಳಕೆಗೆ ವ್ಯಾಪಕವಾಗಿ ಇಳಿಯಲಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು 2002ರಲ್ಲಿ ಟ್ಯಾಬ್ಲೆಟ್ ಗಣಕಗಳಿಗೆಂದೇ ವಿಂಡೋಸ್ ಎಕ್ಸ್‌ಪಿಯ ವಿಶೇಷ ಆವೃತ್ತಿಯನ್ನು ಹೊರತಂದಿತು. 2012ರಲ್ಲಿ ವಿಂಡೋಸ್ 8 ಹಾಗೂ ಲೆನೊವೊ ಯೋಗಾದಂತಹ ಪೂರ್ತಿ ಮಡಿಚಬಲ್ಲ ಲ್ಯಾಪ್‌ಟಾಪುಗಳು ಬಂದ ನಂತರವೇ ಈ ಬಗೆಯ ಯಂತ್ರ ಸಾಮಾನ್ಯ ಅಂಗಡಿಗಳಲ್ಲಿ ಕಾಣಿಸಿಕೊಂಡಿತು. ತಂತ್ರ ಎಷ್ಟೇ ಉತ್ತಮವಾಗಿದ್ದರೂ ನಿತ್ಯದ ಕೆಲಸಕ್ಕೆ ಹೊಂದದಿದ್ದರೆ ಅದು ಬೀರುವಿಗೆ ಸೇರುತ್ತದೆ ಎಂಬುದೇ ಈ ಇತಿಹಾಸದ ಪಾಠ.

ಮೇಜಿನ ಆಚೆ ಕುಳಿತ ರೈತ

ಮಂಡಿಯಲ್ಲಿ ಕನ್ವರ್ಟಿಬಲ್ ಲ್ಯಾಪ್‌ಟಾಪಿನ ನಿಜವಾದ ಉಪಯೋಗ ಕಾಣುವುದು ರೈತನಿಗೆ ಲೆಕ್ಕ ಒಪ್ಪಿಸುವಾಗ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು, ಒಣಗಿಸಿ, ಸುಲಿಸಿ, ಒಡೆಸಿ, ಚೀಲ ಹೊತ್ತು ತಂದ ಬೆಳೆಗಾರನು ಮೇಜಿನ ಆಚೆ ಕುಳಿತಿರುತ್ತಾನೆ. ಪರದೆ ಗುಮಾಸ್ತನ ಕಡೆಗಿರುತ್ತದೆ. ಚೀಲವೆಷ್ಟು, ತೂಕವೆಷ್ಟು, ಯಾವ ಲಾಟಿಗೆ ಯಾವ ಧಾರಣೆ ಬಿತ್ತು, ಯಾವ ಬಾಬ್ತಿಗೆ ಎಷ್ಟು ಕಳೆಯಿತು ಎಂಬುದು ಕೊನೆಗೆ ಮುದ್ರಿತ ಚೀಟಿಯಲ್ಲಿ ಮಾತ್ರ ಅವನ ಕೈಸೇರುತ್ತದೆ. ಅಷ್ಟರಲ್ಲಿ ತಪ್ಪೊಂದು ನುಸುಳಿದ್ದರೆ ಅದನ್ನು ತಿದ್ದುವುದು ಕಷ್ಟ. ತಿದ್ದದೆ ಹೋದರೆ ಮುಂದಿನ ಹಂಗಾಮಿಗೆ ಆ ರೈತ ಬೇರೆ ಮಂಡಿಯ ಮೆಟ್ಟಿಲು ಹತ್ತುತ್ತಾನೆ.

ಲ್ಯಾಪ್‌ಟಾಪನ್ನು ಗುಡಾರದಂತೆ ನಿಲ್ಲಿಸಿ ಪರದೆಯನ್ನು ರೈತನ ಕಡೆಗೆ ತಿರುಗಿಸಿದರೆ, ಮುದ್ರಣಕ್ಕೆ ಮುಂಚೆಯೇ ಅವನು ಪ್ರತಿ ಸಾಲನ್ನೂ ನೋಡಬಹುದು. ಸಂದೇಹವಿದ್ದ ಅಂಕಿಯ ಮೇಲೆ ಬೆರಳಿಟ್ಟು ಕೇಳಬಹುದು. ಓದು ಬಾರದವರಿಗೂ ಅಂಕಿಗಳು ತಿಳಿಯುತ್ತವೆ. ಬೆಲೆ ದಿನದಿನಕ್ಕೆ ಬದಲಾಗುವ ಕಾಲದಲ್ಲಿ ಇಂತಹ ಪಾರದರ್ಶಕತೆಯೇ ಮಂಡಿಯ ಬಂಡವಾಳ. ಆದರೆ ಇದೇ ಉದ್ದೇಶಕ್ಕೆ ಇನ್ನೊಂದು ಅಗ್ಗದ ದಾರಿಯೂ ಇದೆ: ಈಗಿರುವ ಗಣಕಕ್ಕೇ ಎರಡನೆಯ ಮಾನಿಟರನ್ನು ಜೋಡಿಸಿ ರೈತನ ಕಡೆಗೆ ತಿರುಗಿಸಿಡುವುದು. ಒಂದೇ ಸ್ಥಳದಲ್ಲಿ ಕುಳಿತು ವ್ಯಾಪಾರ ಮಾಡುವವರಿಗೆ ಅದೇ ಸಾಕು. ಹುಳಿಯಾರು, ಮಾಯಸಂದ್ರದ ಕಡೆಯ ಹಳ್ಳಿಗಳಿಗೆ ಹೋಗಿ ತೋಟದ ಮನೆಯಲ್ಲಿಯೇ ವ್ಯಾಪಾರ ಕುದುರಿಸುವವರಿಗೆ ಮಾತ್ರ ಮಡಿಚುವ ಯಂತ್ರ ಹೆಚ್ಚು ಅನುಕೂಲ.

ಎಣ್ಣೆ, ನಾರು, ಬಿಸಿಲು

ಈಗಿನ ಸ್ಪರ್ಶಪರದೆಗಳು ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸಿ ಕೆಲಸ ಮಾಡುತ್ತವೆ. ಕೊಬ್ಬರಿ ಮುಟ್ಟಿದ ಕೈಯ ಎಣ್ಣೆಯ ಜಿಡ್ಡಿನಿಂದ ಪರದೆ ಪೂರ್ತಿ ಕೆಡುವುದಿಲ್ಲವಾದರೂ ಬೇಗನೆ ಮಸುಕಾಗುತ್ತದೆ. ನೀರಿನ ಹನಿ ಬಿದ್ದರೆ ಮುಟ್ಟದ ಕಡೆಯೂ ಮುಟ್ಟಿದಂತೆ ವರ್ತಿಸುವುದುಂಟು. ಸಾಧಾರಣ ಕೈಗವಸು ತೊಟ್ಟು ಮುಟ್ಟಿದರೆ ಅದು ಗ್ರಹಿಸುವುದೇ ಇಲ್ಲ; ಆದುದರಿಂದ ಕೈಗವಸು ಧರಿಸಿ ದುಡಿಯುವ ತೆಂಗಿನ ಪುಡಿ ಕಾರ್ಖಾನೆಗಳಲ್ಲಿ ಕೀಲಿಮಣೆಯೇ ಲೇಸು.

ನಾರಿನ ಘಟಕಗಳಲ್ಲಿ ದೂಳಿನದೇ ದೊಡ್ಡ ತೊಂದರೆ. ಫ್ಯಾನಿರುವ ಲ್ಯಾಪ್‌ಟಾಪು ದೂಳನ್ನು ಒಳಗೆ ಎಳೆದುಕೊಳ್ಳುತ್ತದೆ; ಗಾಳಿಕಿಂಡಿ ಮುಚ್ಚಿ ಯಂತ್ರ ಬಿಸಿಯಾಗಿ ನಿಧಾನಗೊಳ್ಳುತ್ತದೆ. ಅಂತಹ ಸ್ಥಳಕ್ಕೆ ಫ್ಯಾನಿಲ್ಲದ ಮಾದರಿಯನ್ನು ಆರಿಸುವುದು ಅಥವಾ ಯಂತ್ರವನ್ನು ಕಚೇರಿಯ ಕೋಣೆಯಲ್ಲಿಯೇ ಇರಿಸುವುದು ಒಳಿತು.

ಬಿಸಿಲಿನ ಸಂಗತಿಯೂ ಮುಖ್ಯವಾದದ್ದು. ಸ್ಪರ್ಶಪರದೆಗಳ ಗಾಜು ಬಹುಪಾಲು ಹೊಳಪಿನದು. ಪರದೆಯ ಪ್ರಕಾಶವನ್ನು ನಿಟ್ ಎಂಬ ಮಾನದಲ್ಲಿ ಹೇಳುತ್ತಾರೆ. 250ರಿಂದ 300 ನಿಟ್ ಪ್ರಕಾಶದ ಪರದೆಯು ಕೋಣೆಯೊಳಗೆ ಚೆನ್ನಾಗಿ ಕಂಡರೂ ಪ್ರಾಂಗಣದ ಬಯಲಿನಲ್ಲಿ ಕನ್ನಡಿಯಂತಾಗುತ್ತದೆ. ಇನ್ನು ತೂಕ: 14 ಅಂಗುಲದ ಮಾದರಿಗಳು ಸಾಮಾನ್ಯವಾಗಿ ಒಂದೂವರೆ ಕಿಲೋ ತೂಗುತ್ತವೆ. ಒಂದು ಕೈಯಲ್ಲಿ ಹಿಡಿದು ಲಾಟಿನಿಂದ ಲಾಟಿಗೆ ನಡೆದರೆ ಹತ್ತು ನಿಮಿಷದಲ್ಲಿ ತೋಳು ಸೋಲುತ್ತದೆ. ಲಾಟು ನೋಡಿ ಗುರುತು ಹಾಕಿಕೊಳ್ಳುವ ಕೆಲಸಕ್ಕೆ ಜೇಬಿನಲ್ಲಿರುವ ಮೊಬೈಲನ್ನು ಯಾವ ಲ್ಯಾಪ್‌ಟಾಪೂ ಸರಿಗಟ್ಟಲಾರದು.

ಒಂದು ಅಂಕಿಯ ಬೆಲೆ

ಟೆಂಡರಿನ ಧಾರಣೆಯನ್ನು ಬೆರಳಿನಿಂದ ಪರದೆಯ ಮೇಲೆ ನಮೂದಿಸುವುದು ಅಪಾಯಕ್ಕೆ ಎಡೆಗೊಡುತ್ತದೆ. ಪರದೆಯ ಮೇಲಿನ ಅಂಕಿಗಳು ಒತ್ತೊತ್ತಾಗಿರುತ್ತವೆ. ಒತ್ತಿದ್ದು ಕೈಗೆ ತಿಳಿಯುವುದಿಲ್ಲ. 18,000 ಎಂದು ಹಾಕಬೇಕಾದಲ್ಲಿ 18,600 ಎಂದಾಗಿ, ಲಾಟು 50 ಕ್ವಿಂಟಲಿನದಾಗಿದ್ದರೆ, ವ್ಯತ್ಯಾಸ 30,000 ರೂಪಾಯಿ. ಆ ಒಂದು ತಪ್ಪಿನಿಂದ ಲ್ಯಾಪ್‌ಟಾಪಿನ ಅರ್ಧ ಬೆಲೆಯೇ ಹೋದಂತಾಯಿತು. ಆದುದರಿಂದ ಧಾರಣೆ, ತೂಕ, ಬ್ಯಾಂಕಿನ ಮೊಬಲಗು ಇವನ್ನು ಯಾವಾಗಲೂ ಕೀಲಿಮಣೆಯಿಂದಲೇ ನಮೂದಿಸಿ, ಒಪ್ಪುವ ಮುನ್ನ ಮತ್ತೊಮ್ಮೆ ಓದುವ ಪದ್ಧತಿಯನ್ನು ಗುಮಾಸ್ತರಿಗೆ ರೂಢಿ ಮಾಡಿಸಬೇಕು. ಸ್ಪರ್ಶವನ್ನು ನೋಡುವುದಕ್ಕೆ, ಪುಟ ಸರಿಸುವುದಕ್ಕೆ, ಸಹಿಗೆ ಮೀಸಲಿಡುವುದು ಕ್ಷೇಮಕರ.

ಕನ್ನಡದಲ್ಲಿ ಬರೆಯುವುದು

ಪೂರ್ತಿ ಮಡಿಚಿದಾಗ ಕೀಲಿಮಣೆ ತಾನಾಗಿಯೇ ಸ್ಥಗಿತಗೊಳ್ಳುತ್ತದೆ. ರೈತರ ಹೆಸರು, ಊರುಗಳನ್ನು ಪರದೆಯ ಮೇಲಿನ ಕೀಲಿಗಳಿಂದಲೇ ಬರೆಯಬೇಕಾಗುತ್ತದೆ. ನುಡಿ ತಂತ್ರಾಂಶದ ವಿನ್ಯಾಸಕ್ಕೆ ಕೈ ಪಳಗಿದವರಿಗೆ ಇದು ತೊಡಕು. ವಿಂಡೋಸ್ 10ರಲ್ಲಿ 2019ರಿಂದ ಕನ್ನಡಕ್ಕೆ ಉಚ್ಚಾರಣೆಯ ಆಧಾರದ ಕೀಲಿಮಣೆ ಸೇರಿದ್ದು, ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಕನ್ನಡ ಪಡೆಯುವ ಅಭ್ಯಾಸವಿದ್ದವರಿಗೆ ಅನುಕೂಲವಾಗಿದೆ. ಹಳೆಯ ಗಣಕದಲ್ಲಿ ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಲ್ಲಿ ಉಳಿಸಿದ ಗ್ರಾಹಕರ ಪಟ್ಟಿ ಇದ್ದರೆ, ಹೊಸ ಯಂತ್ರಕ್ಕೆ ಸಾಗಿಸುವ ಮುನ್ನ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಇಲ್ಲವಾದರೆ ಆ ಅಕ್ಷರಶೈಲಿ ಇಲ್ಲದ ಕಡೆ ಹೆಸರುಗಳೆಲ್ಲ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ.

ಹಳೆಯ ಸಲಕರಣೆಗಳೊಡನೆ ಹೊಂದಾಣಿಕೆ

ಮಂಡಿಯ ಡಾಟ್ ಮ್ಯಾಟ್ರಿಕ್ಸ್ ಮುದ್ರಕ, ಎಲೆಕ್ಟ್ರಾನಿಕ್ ತೂಕದ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಇವು ಹೊಸ ಯಂತ್ರಕ್ಕೆ ಕೂಡಿಕೊಳ್ಳಬೇಕು. ಕಂಪನಿಗಳು ಜಿ.ಎಸ್.ಟಿ. ವಿವರಪಟ್ಟಿಗೆ ಡಿಜಿಟಲ್ ಸಹಿ ಹಾಕುವುದು ಅಗತ್ಯ. ಏಕಮಾಲೀಕರಿಗೆ ಮೊಬೈಲಿಗೆ ಬರುವ ಒ.ಟಿ.ಪಿ. ಸಾಕಾಗುತ್ತದೆ. ತೆಳುವಾದ ಮಾದರಿಗಳಲ್ಲಿ ಹಳೆಯ ಅಗಲ ಯು.ಎಸ್.ಬಿ. ಕಿಂಡಿ ಒಂದೇ ಇರುವುದುಂಟು, ಇಲ್ಲದೆಯೂ ಇರುವುದುಂಟು. ಸ್ನ್ಯಾಪ್‌ಡ್ರ್ಯಾಗನ್‌ನಂತಹ ಎ.ಆರ್.ಎಂ. ಪ್ರೊಸೆಸರಿನ ಯಂತ್ರಗಳಿಗೆ ಅವುಗಳಿಗೆಂದೇ ಸಿದ್ಧವಾದ ಡ್ರೈವರ್ ಇಲ್ಲದಿದ್ದರೆ ಹಳೆಯ ಮುದ್ರಕವೂ ಟೋಕನೂ ಕೆಲಸ ಮಾಡವು.

ಬಳಸಿದ ಯಂತ್ರ ಕೊಳ್ಳುವವರು ಇನ್ನೂ ಎಚ್ಚರ ವಹಿಸಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ 8ನೆಯ ಪೀಳಿಗೆಗಿಂತ ಹಳೆಯದಾದ ಬಹುಪಾಲು ಪ್ರೊಸೆಸರುಗಳು ವಿಂಡೋಸ್ 11ಕ್ಕೆ ಅಧಿಕೃತವಾಗಿ ಒಪ್ಪುವುದಿಲ್ಲ. ಬ್ಯಾಂಕು, ತೆರಿಗೆ ವ್ಯವಹಾರ ನಡೆಸುವ ಯಂತ್ರಕ್ಕೆ ರಕ್ಷಣಾ ಪರಿಷ್ಕರಣೆ ಬಾರದಿರುವುದು, ಗೋದಾಮಿಗೆ ಬೀಗ ಹಾಕದೆ ಮನೆಗೆ ಹೋದಂತೆ.

ವಿದ್ಯುತ್ತು, ದುರಸ್ತಿ

ವಿದ್ಯುತ್ ಕಡಿತವಾದಾಗ ಬ್ಯಾಟರಿ ಕೈಹಿಡಿಯುತ್ತದೆ ಎಂಬುದು ಯಾವುದೇ ಲ್ಯಾಪ್‌ಟಾಪಿನ ಲಾಭ. ಅದಕ್ಕಾಗಿ ಮಡಿಚುವ ಮಾದರಿಯೇ ಬೇಕಿಲ್ಲ. ಅಂತರ್ಜಾಲದ ರೌಟರಿಗೂ ಪರ್ಯಾಯ ವಿದ್ಯುತ್ ಇರಬೇಕೆಂಬುದನ್ನು ಹಲವರು ಮರೆಯುತ್ತಾರೆ. ಟೆಂಡರಿನ ವೇಳೆಗೆ ಲ್ಯಾಪ್‌ಟಾಪು ಬೆಳಗುತ್ತಿದ್ದು ಸಂಪರ್ಕ ಕಡಿದಿದ್ದರೆ ಪ್ರಯೋಜನವಿಲ್ಲ.

ದುರಸ್ತಿಯಲ್ಲಿ ಕನ್ವರ್ಟಿಬಲ್ ದುಬಾರಿ. ಗಾಜು ಮತ್ತು ಪರದೆ ಅಂಟಿಕೊಂಡಿರುವುದರಿಂದ ಒಂದು ಬಿರುಕಿಗೆ ಇಡೀ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ. ದಿನಕ್ಕೆ ಹತ್ತಾರು ಬಾರಿ ತಿರುಗುವ ಕೀಲು ಸಡಿಲವಾಗುವ ಸಂಭವವೂ ಇದೆ. ಅನೇಕ ತೆಳು ಮಾದರಿಗಳಲ್ಲಿ ಮೆಮೊರಿಯನ್ನು ಮುಂದೆ ಹೆಚ್ಚಿಸಲಾಗದು. ಆರಂಭದಲ್ಲಿಯೇ 16 ಜಿ.ಬಿ. ಇರುವುದನ್ನು ಕೊಳ್ಳುವುದು ಉಚಿತ. ಸ್ಥಳಕ್ಕೇ ಬಂದು ದುರಸ್ತಿ ಮಾಡುವ ಖಾತರಿಯು ತಮ್ಮ ಪಿನ್‌ಕೋಡಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಲಿಖಿತವಾಗಿ ಪಡೆಯಬೇಕು.

ಲೆಕ್ಕದ ಪುಸ್ತಕದಲ್ಲಿ

ಉದಾಹರಣೆಗೆ ಯಂತ್ರದ ಬೆಲೆ 60,000 ರೂಪಾಯಿ ಎಂದಿಟ್ಟುಕೊಂಡರೆ ಶೇ. 18ರಂತೆ ಜಿ.ಎಸ್.ಟಿ. 10,800 ರೂಪಾಯಿ. ಬಿಲ್ಲಿನಲ್ಲಿ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ನಮೂದಾಗಿದ್ದರೆ ತೆರಿಗೆ ವಿಧಿಸಬಹುದಾದ ಕೊಬ್ಬರಿ, ಎಣ್ಣೆಯಂತಹ ಸರಕಿನ ವ್ಯಾಪಾರಿಗಳು ಇದನ್ನು ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯಬಹುದು. ತೆರಿಗೆ ವಿನಾಯಿತಿ ಇರುವ ತೆಂಗಿನಕಾಯಿಯನ್ನು ಮಾತ್ರ ಮಾರುವವರಿಗೂ ಕಾಂಪೊಸಿಷನ್ ಪದ್ಧತಿಯವರಿಗೂ ಈ ಸೌಲಭ್ಯವಿಲ್ಲ. ಮರಳಿ ಪಡೆದ ತೆರಿಗೆಯ ಮೇಲೆ ಸವಕಳಿಯನ್ನು ಕೇಳುವಂತಿಲ್ಲ.

ಆದಾಯ ತೆರಿಗೆಯಲ್ಲಿ ಗಣಕಕ್ಕೆ ಶೇ. 40ರ ಸವಕಳಿ ಇದೆ. ಪೂರ್ಣ ವರ್ಷದ ಲೆಕ್ಕದಲ್ಲಿ 60,000 ರೂಪಾಯಿಯ ಯಂತ್ರ ಮೊದಲ ವರ್ಷ 36,000ಕ್ಕೆ, ಎರಡನೆಯ ವರ್ಷ 21,600ಕ್ಕೆ, ಮೂರನೆಯ ವರ್ಷ 12,960ಕ್ಕೆ ಇಳಿಯುತ್ತದೆ. ಮೂರು ವರ್ಷದಲ್ಲಿ ತನ್ನ ಬೆಲೆಯನ್ನು ದುಡಿದು ಕೊಡದ ಯಂತ್ರ ವ್ಯಾಪಾರಕ್ಕೆ ಹೊರೆಯೇ ಸರಿ.

ಕೊಳ್ಳುವ ಮುನ್ನ

ಅಂಗಡಿಯಲ್ಲಿ ತೋರಿಸುವ ಚಲನಚಿತ್ರ, ಬಣ್ಣದ ಚಿತ್ರಗಳಿಂದ ಏನೂ ನಿರ್ಧಾರವಾಗದು. ವರ್ತಕರು ತಮ್ಮ ಡಿಜಿಟಲ್ ಟೋಕನನ್ನು ಒಯ್ದು ಜೋಡಿಸಿ ನೋಡಬೇಕು. ಹತ್ತು ರೈತರ ಹೆಸರುಗಳನ್ನು ಕನ್ನಡದಲ್ಲಿ ಬರೆದು ನೋಡಬೇಕು. ಯಂತ್ರವನ್ನು ಅಂಗಡಿಯ ಬಾಗಿಲಾಚೆ ಬಿಸಿಲಿಗೆ ತಂದು ಓದಬೇಕು. ಮಡಿಚಿ ಹತ್ತು ನಿಮಿಷ ಕೈಯಲ್ಲಿ ಹಿಡಿದು ನಿಲ್ಲಬೇಕು. ಅದಕ್ಕೂ ಮೊದಲು, ಈಗಿರುವ ಗಣಕದ ಪಕ್ಕದಲ್ಲಿ ಒಂದು ಚೀಟಿಯನ್ನಿಟ್ಟು, ಪರದೆಯನ್ನು ಇನ್ನೊಬ್ಬರಿಗೆ ತಿರುಗಿಸಿ ತೋರಿಸಬೇಕೆನಿಸಿದಾಗ, ಮೇಜು ಬಿಟ್ಟು ಯಂತ್ರವನ್ನು ಒಯ್ಯಬೇಕೆನಿಸಿದಾಗ ಒಂದೊಂದು ಗೆರೆ ಎಳೆಯುತ್ತ ಒಂದು ವಾರ ಲೆಕ್ಕವಿಡಬೇಕು.

ಗೆರೆಗಳು ನಾಲ್ಕೈದನ್ನು ಮೀರದಿದ್ದರೆ ಗಟ್ಟಿಮುಟ್ಟಾದ ಸಾಧಾರಣ ಲ್ಯಾಪ್‌ಟಾಪು, ರೈತನ ಕಡೆಗೊಂದು ಮಾನಿಟರು, ಕೈಯಲ್ಲೊಂದು ಮೊಬೈಲು ಸಾಕು. ಉಳಿದ ಹಣ ಸರಕಿಗೆ ಒದಗುತ್ತದೆ. ದಿನವೂ ಹಳ್ಳಿಗಳಲ್ಲಿ ತಿರುಗುವ ಖರೀದಿದಾರರಿಗೆ, ಹೊರ ರಾಜ್ಯದ ಗಿರಾಕಿಗಳಿಗೆ ನಮೂನೆ ತೋರಿಸುವ ತಯಾರಕರಿಗೆ, ರವಾನೆಯ ಬಾಗಿಲಲ್ಲಿ ನಿಂತು ಸಹಿ ಪಡೆಯುವ ಘಟಕಗಳಿಗೆ ಮಡಿಚುವ ಯಂತ್ರ ತನ್ನ ಬೆಲೆಯನ್ನು ದುಡಿದುಕೊಡುತ್ತದೆ. ಯಾವುದನ್ನು ಕೊಂಡರೂ ಪರದೆಯ ಒಂದು ಮುಖ ರೈತನ ಕಡೆಗಿರುವುದು ವ್ಯಾಪಾರಕ್ಕೆ ಶ್ರೇಯಸ್ಕರ.