ಹಜ್ರತ್, ಆ ಪುಸ್ತಕ ನಿಮ್ಮತ್ರ ಇದ್ಯಾ?

ನಮ್ಮ ಕರಾವಳಿಯಲ್ಲಿ ಮದ್ರಸದ ಮಕ್ಕಳು ‘ಉಸ್ತಾದ್’ ಅಂತ ಕರೆಯುತ್ತಾರೆ. ಇಲ್ಲಿ ಅಕ್ಕಿಹೆಬ್ಬಾಳು ಕಡೆ ನಾನು ‘ಹಜ್ರತ್’. ಕೆ.ಆರ್. ಪೇಟೆ ತಾಲೂಕು, ಹೇಮಾವತಿ ಹೊಳೆಯ ಬದಿ, ಮೈಸೂರು–ಹಾಸನ ರೈಲು ಮಾರ್ಗದಲ್ಲಿ ಸಿಗುವ ಊರು. ಮಕ್ಕಳ ಮನೆಮಾತು ಉರ್ದು, ಬೀದಿಯ ಮಾತು ಮಂಡ್ಯದ ಕನ್ನಡ. ನನ್ನ ಬ್ಯಾರಿ ಭಾಷೆಗೆ ಕೆಲಸ ಇರುವುದು ಉಮ್ಮನಿಗೆ ಫೋನ್ ಮಾಡುವಾಗ ಮಾತ್ರ.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತಲ್ಲ, ಆಗ ನನ್ನ ತರಗತಿಯ ಒಬ್ಬಳು ಹುಡುಗಿ ಕೇಳಿದಳು: “ಹಜ್ರತ್, ಅವ್ರೂರಿಗೆ ನಮ್ ರೈಲಲ್ಲೇ ಹೋಗ್ಬೋದಂತೆ. ಆ ಪುಸ್ತಕ ನಿಮ್ಮತ್ರ ಇದ್ಯಾ?”

ಇರಲಿಲ್ಲ. ಅದಕ್ಕಿಂತಲೂ ನಾಚಿಕೆಯ ವಿಷಯ ಬೇರೆ ಉಂಟು. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿಯ ಚೀಲದಲ್ಲಿ ಕತೆ ಪುಸ್ತಕ ಸಿಕ್ಕಿದಾಗ, “ಇದೆಲ್ಲ ಎಂತಕ್ಕೆ?” ಅಂತ ಗದರಿಸಿ ತೆಗೆದಿಟ್ಟವನು ನಾನು. ವಾಪಸ್ ಕೊಡಲು ಮರೆತೇಬಿಟ್ಟೆ. ಹಾಗಾಗಿ ಈ ಸಲ “ಇಲ್ಲ, ತರಿಸುತ್ತೇನೆ” ಅಂದೆ. ತರಿಸಿದೆ, ಮೊದಲು ನಾನೇ ಓದಿದೆ.

ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ 12 ಕತೆಗಳಿಗೆ ಆ ಪ್ರಶಸ್ತಿ ಬಂದದ್ದು. ಕನ್ನಡಕ್ಕೆ ಇದು ಮೊದಲ ಸಲ, ಸಣ್ಣಕತೆಗಳ ಸಂಕಲನಕ್ಕೂ ಮೊದಲ ಸಲ. ಇದೆಲ್ಲ ಪೇಪರಿನಲ್ಲಿ ಬಂದದ್ದೇ. ಆದರೆ ‘ಎದೆಯ ಹಣತೆ’ ಕತೆ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಮೆಹರುನ್ ಕಂಕುಳಲ್ಲಿ ಕೂಸು ಇಟ್ಟುಕೊಂಡು ತವರಿಗೆ ಬರುತ್ತಾಳೆ. ಅಣ್ಣತಮ್ಮಂದಿರಿಗೆ ಅವಳ ಕಣ್ಣೀರಿಗಿಂತ ಮನೆಯ ಮರ್ಯಾದೆ ದೊಡ್ಡದು, ವಾಪಸ್ ಕರೆದುಕೊಂಡು ಹೋಗಿ ಬಿಡುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ತಡೆದವಳು ಮಗಳು ಸಲ್ಮಾ. ದೊಡ್ಡವರು ಯಾರೂ ಆಡದ ಮಾತನ್ನು ಆ ಹುಡುಗಿ ಆಡುತ್ತಾಳೆ. ನನ್ನ ಎದುರು ಚಾಪೆಯಲ್ಲಿ ಕೂತು ಪಾಠ ಒಪ್ಪಿಸುವ ಮಕ್ಕಳ ಹಾಗೆಯೇ ಸಲ್ಮಾ ನನಗೆ ಕಂಡಳು.

ಇದೇ ಲೇಖಕಿಯ ‘ಕರಿ ನಾಗರಗಳು’ ಕತೆಯಿಂದ ಗಿರೀಶ್ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಸಿನಿಮಾ ಮಾಡಿದ್ದರು. ಅದರ ಅಭಿನಯಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತ್ತು. ಉಸ್ತಾದರಿಗೆ ಸಿನಿಮಾ ಎಂತಕ್ಕೆ ಮಾರಾಯ್ರೆ ಅಂತ ಕೇಳಬೇಡಿ. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಮಕ್ಕಳ ಖರ್ಚಿಗೆ ಕೇಳಿಕೊಂಡು ಮಸೀದಿಯ ಮುಂದೆ ಬಂದು ಕೂರುತ್ತಾಳೆ. ಒಳಗಿನವರಿಗೆ ಅವಳು ತೊಂದರೆ, ಅವಳ ಅರ್ಜಿ ಒಂದು ಕಾಗದ ಅಷ್ಟೆ. ಮಸೀದಿಯ ಅನ್ನ ತಿನ್ನುವ ನನ್ನಂಥವನು ಅದನ್ನು ನೋಡದೆ ಇನ್ಯಾರು ನೋಡಬೇಕು?

ಆಮೇಲೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ತೆಗೆದೆ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ, 2023ರ ಜನವರಿಯಲ್ಲಿ ತೀರಿಕೊಂಡ ನಮ್ಮವರೇ ಆದ ಲೇಖಕಿ. ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯ ಹೆಸರು ನನಗೆ ಹುಡುಗನಾಗಿದ್ದಾಗಿನಿಂದ ಗೊತ್ತು, ಬೈಗುಳದ ಜೊತೆಗೆ. ಓದದೆ ಬೈದವರಲ್ಲಿ ನಾನೂ ಒಬ್ಬ. ಈಗ ಓದಿದರೆ ಅದರಲ್ಲಿ ಇರುವುದು ನಾದಿರಾ ಎಂಬ ಒಬ್ಬ ಮಗಳು. ಅಪ್ಪನ ಹಟಕ್ಕೆ ತಲಾಖ್ ಆಗುತ್ತದೆ. ಗಂಡನಿಗೂ ಅವಳು ಬೇಕು, ಅವಳಿಗೂ ಗಂಡ ಬೇಕು. ಮತ್ತೆ ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಬೇಕು ಅನ್ನುತ್ತಾರೆ. ಕೊನೆಗೆ ಅವಳು ಮಸೀದಿಯ ಕೆರೆಗೆ ಹಾರುತ್ತಾಳೆ.

ತಲಾಖಿನ ಮಸಲೆ ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಹೆಣ್ಣಿಗೆ ಒಳ್ಳೆಯ ರೀತಿಯಲ್ಲಿ ನಡೆದುಕೊಳ್ಳಿ ಎಂಬ ಅಲ್ಲಾಹನ ಆಜ್ಞೆಯನ್ನೂ ಹೇಳಿಕೊಟ್ಟಿದ್ದೇನೆ. ಆದರೆ ಆ ಆಜ್ಞೆ ಮರೆತು ಮಸಲೆ ಮಾತ್ರ ಹಿಡಿದುಕೊಂಡರೆ ಒಂದು ಮನೆಯಲ್ಲಿ ಏನಾಗುತ್ತದೆ ಅಂತ ನನ್ನ ಕಿತಾಬುಗಳಲ್ಲಿ ಕಂಡಿರಲಿಲ್ಲ. ನಾದಿರಾಳ ಪರವಾಗಿ ಮಾತಾಡಲು ಒಬ್ಬಳು ಸಲ್ಮಾ ಇರಲಿಲ್ಲ. ಬದುಕಿದವಳಿಗೂ ಸತ್ತವಳಿಗೂ ಇರುವ ವ್ಯತ್ಯಾಸ ಅಷ್ಟೇ ಅಲ್ವಾ?

ಮನಸ್ಸು ಭಾರವಾದಾಗ ಹಾಡು ಕೇಳಿದೆ. ಇಲ್ಲಿನ ಬಸ್ಸುಗಳಲ್ಲಿ ‘ಮೈಸೂರು ಮಲ್ಲಿಗೆ’ಯ ಹಾಡು ಆಗಾಗ ಕಿವಿಗೆ ಬೀಳುತ್ತದೆ. ಅದನ್ನು ಬರೆದ ಕೆ.ಎಸ್. ನರಸಿಂಹಸ್ವಾಮಿ ಇದೇ ತಾಲೂಕಿನ ಕಿಕ್ಕೇರಿಯವರು. ಪುಸ್ತಕ ಬಂದದ್ದು 1942ರಲ್ಲಿ. ಹೆಂಡತಿಯ ಮೇಲಿನ ಪ್ರೀತಿ, ಮಾವನ ಮನೆಯ ಉಪಚಾರ, ಸಣ್ಣ ಮುನಿಸು. ನಮ್ಮ ಮದರಂಗಿ ದಿನದ ಹಾಡುಗಳಲ್ಲಿ ಮದುಮಗಳನ್ನು ಎಷ್ಟು ಹೊಗಳುತ್ತೇವೆ! ಈ ಹಾಡುಗಳಲ್ಲಿ ಆ ಅಕ್ಕರೆ ಮದುವೆ ಮುಗಿದ ಮೇಲೂ ಉಳಿದಿದೆ. ಉಮ್ಮನಿಗೆ ಫೋನಿನಲ್ಲಿ ಕೇಳಿಸಿದೆ. “ಚೆಂದ ಉಂಟು, ಇನ್ನೊಮ್ಮೆ ಹಾಕು” ಅಂದರು.

ಇನ್ನೊಂದು ಪುಸ್ತಕದ ಬಗ್ಗೆ ಹೇಳಲು ಸ್ವಲ್ಪ ಅಳುಕು. ಅಕ್ಕಿಹೆಬ್ಬಾಳಿನಲ್ಲೇ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾವ್ ಅವರ ‘ದೇವರು’. ಅವರ ಹೆಸರಿನ ಮೊದಲ ಅಕ್ಷರವೇ ಈ ಊರು. 1991ರಲ್ಲಿ, ತೊಂಬತ್ತು ದಾಟಿದ ಮೇಲೆ, ತನಗೆ ದೇವರಲ್ಲಿ ನಂಬಿಕೆ ಯಾಕಿಲ್ಲ ಅಂತ ಬರೆದರು. ನಾನು ಒಪ್ಪಲಿಲ್ಲ, ನನ್ನ ಈಮಾನ್ ಅಲುಗಲೂ ಇಲ್ಲ. ಆದರೆ ನಂಬುವವರನ್ನು ಹೀಯಾಳಿಸದೆ ಅವರು ವಾದ ಮಾಡುವ ರೀತಿ ಇಷ್ಟವಾಯಿತು. ಓದದೆ ಬೈದ ನನಗೆ ಅದೂ ಒಂದು ಪಾಠ.

ಈಗ ಮದ್ರಸದ ಕಪಾಟಿನಲ್ಲಿ ಒಂದು ಅಂತಸ್ತು ಕತೆ ಪುಸ್ತಕಗಳಿಗೆ ಬಿಟ್ಟಿದ್ದೇನೆ. ಯಾವ ಪುಸ್ತಕ ಯಾವ ವಯಸ್ಸಿಗೆ ಅಂತ ನೋಡಿಯೇ ಕೊಡುತ್ತೇನೆ. ಕೇಳಿದ ಹುಡುಗಿಗೆ ‘ಎದೆಯ ಹಣತೆ’ ಕತೆಯನ್ನು ಅವಳ ತಾಯಿಯ ಜೊತೆ ಕೂತು ಓದಲು ಹೇಳಿದೆ. ಮರುವಾರ ತಾಯಿಯೇ ಬಂದರು, ದೂರಿಗೆ ಅಂತ ಅಂದುಕೊಂಡೆ. ಅವರು ಕೇಳಿದ್ದು ಇನ್ನೊಂದು ಪುಸ್ತಕ.

ಅವತ್ತು ನಾನು ಕಿತ್ತುಕೊಂಡ ಪುಸ್ತಕ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಆ ಹುಡುಗಿಗೆ ಈಗ ಮದುವೆಯಾಗಿದೆ. ಅವಳು ಇದನ್ನು ಓದುವುದಾದರೆ, ಮಗಳೇ, ನಿನ್ನ ಪುಸ್ತಕದ ಸಾಲ ನನ್ನ ಮೇಲೆ ಉಂಟು. ಬಂದು ಕಪಾಟಿನಿಂದ ಬೇಕಾದ್ದು ತೆಗೆದುಕೊಂಡು ಹೋಗು.